ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು

ಜಹೀರಾಬಾದ್ ಬಸ್ ನಿಲ್ದಾಣ

ನಮ್ಮ ಕಡೆ ಮನೆಯಿಂದ ಹೊರಟವರನ್ನು "ಎಲ್ಲಿಗೆ?" ಎಂದು ಕೇಳುವ ಹಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತೀರ ತಡೆಯಲಾರದವರು "ದೂರ ಹೊಂಟೀರೇನ್ರಿ?" ಎಂದು ಸುತ್ತಿ ಬಳಸಿ ಕೇಳಬಹುದು. ಬಾಯಿತಪ್ಪಿ ಯಾರಾದರೂ ಕೇಳಿಯೇ ಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ನಾರಾಯಣಖೇಡದಲ್ಲಿ ನಮ್ಮಪ್ಪ ಹೀಗೆ ನೀರು ಕುಡಿಯುತ್ತ ಕೂತು ಬಸ್ಸು ತಪ್ಪಿಸಿಕೊಂಡಿದ್ದರು. ಬಸ್ಸು ತಪ್ಪಿದ್ದು ನೀರಿನಿಂದಲ್ಲ, ಕೇಳಿದ ನೆರೆಯವರ ಬಾಯಿಯಿಂದ ಎಂದೇ ಅವರ ವಾದ.

ಹೀಗಾಗಿ ನನ್ನನ್ನೂ ಮಲ್ಲಿಕಾರ್ಜುನ ಸರ್ ಅವರನ್ನೂ ಕಳಿಸಲು ಜಹೀರಾಬಾದ್ ಬಸ್ ನಿಲ್ದಾಣಕ್ಕೆ ಬಂದವರಲ್ಲಿ ಒಬ್ಬರೂ ಪೋಲೆಂಡ್ ಎಂಬ ಹೆಸರೆತ್ತಲಿಲ್ಲ. ಝರಾಸಂಗಂ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕಿ ನಮ್ಮ ಸೂಟ್‌ಕೇಸುಗಳನ್ನು ನೋಡಿ, "ಭಾಳ ದೂರ ಕಾಣ್ತದ ಯವ್ವಾ," ಎಂದಳು. ನಮ್ಮ ಮನೆಯವರು ಮಾತ್ರ ಸರ್ ಕಿವಿಯಲ್ಲಿ ನನ್ನ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದರು. "ಇಕೀಗಿ ದೇವರ ಮ್ಯಾಲೂ ಶಕ್ ರೀ ಸರ್. ಜರಾ ಸಂಭಾಳಸ್ರಿ."

ಸುಳ್ಳಲ್ಲ. ಅನುಮಾನ ನನ್ನ ಹುಟ್ಟುಗುಣ. ತಾಂಡೂರಿನಲ್ಲಿ ತೊಗರಿಬೇಳೆ ಕೊಳ್ಳುವಾಗ ಅಂಗಡಿಯವನು ನನ್ನ ಬೆಲೆಗೆ ತಟ್ಟನೆ ಒಪ್ಪಿದರೆ ನಾನು ಚೀಲದ ತಳಕ್ಕೆ ಕೈ ಹಾಕಿ ನೋಡುವವಳು. ಅಲ್ಲಿನ ಡಿಗ್ರಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಸರ್ ಅಲ್ಲೇ ಗಣಿತ ಕಲಿಸುತ್ತಾರೆ. ರಾಯಿಕೋಡಿನವರು, ನಿವೃತ್ತಿ ಹತ್ತಿರ ಬಂದವರು, ಯಾರಿಗೂ ಇಲ್ಲ ಎನ್ನಲಾರದವರು. ಸ್ಟಾಫ್ ರೂಮಿನ ಒಂದು ಮೂಲೆಯಲ್ಲಿ ವರ್ಷಗಟ್ಟಲೆ ಕೂತು ನಾವಿಬ್ಬರೂ ಸೇರಿ ಒಂದು ಪ್ರಬಂಧ ಬರೆದಿದ್ದೆವು. ಅದನ್ನು ಹೇಳಲು ತೋರುನ್ ಎಂಬ ಊರಿನ ಸಭೆಯೊಂದು ನಮ್ಮನ್ನು ಕರೆದಿತ್ತು.

ಪ್ರಬಂಧದ ಪ್ರಶ್ನೆ ಮಕ್ಕಳು ಕೇಳುವಂಥದ್ದು: ಒಂದು ಕಣ ಎಲ್ಲಿದೆ? ಕ್ವಾಂಟಂ ನಿಯಮಗಳನ್ನೂ ಬೆಳಕಿಗಿಂತ ಬೇಗ ಏನೂ ಓಡಬಾರದೆಂಬ ಕಟ್ಟಳೆಯನ್ನೂ ಒಟ್ಟಿಗೆ ಕೂಡಿಸಿದರೆ ಈ ಪ್ರಶ್ನೆ ಕೆಟ್ಟುಹೋಗುತ್ತದೆ. ಕಣವನ್ನು ಒಂದು ಪೆಟ್ಟಿಗೆಯಲ್ಲಿ ಪೂರ್ತಿ ಕೂಡಿಹಾಕಿದೆವು, ಹೊರಗೆ ಅದರ ಸುಳಿವೇ ಇಲ್ಲ ಎಂದುಕೊಳ್ಳಿ. ಲೆಕ್ಕ ಮಾಡಿದರೆ ಮರುಕ್ಷಣವೇ ಅದು ಎಷ್ಟು ದೂರದಲ್ಲಾದರೂ ಸಿಗುವ ಸಾಧ್ಯತೆ ಕೂದಲೆಳೆಯಷ್ಟಾದರೂ ಇದ್ದೇ ಇರುತ್ತದೆ. ಅಂದರೆ ಬೆಳಕನ್ನು ಹಿಂದೆ ಹಾಕಿತು. ಅದು ಆಗಬಾರದು. ಆದ್ದರಿಂದ ಬಹುತೇಕ ಪಂಡಿತರು ಕೈಚೆಲ್ಲಿ, ಕಣಕ್ಕೆ 'ಇಲ್ಲೇ ಇದೆ' ಎಂಬಂಥ ಜಾಗವೇ ಇಲ್ಲ ಎನ್ನುತ್ತಾರೆ. ನನಗೆ ಈ ಮಾತಿನ ಮೇಲೆ ಮೊದಲಿನಿಂದಲೂ ಅನುಮಾನ. ಇರುವ ವಸ್ತು ಎಲ್ಲೋ ಒಂದು ಕಡೆ ಇರಬೇಡವೇ? ಕೆಲವು ಶರತ್ತುಗಳನ್ನು ಪಾಲಿಸಿದರೆ ಕಣವನ್ನು ಪೆಟ್ಟಿಗೆಯಲ್ಲಿ ಸರಿಯಾಗಿ ಕೂಡಿಹಾಕಬಹುದು ಎಂದು ನಾವು ತೋರಿಸಿದ್ದೆವು.

ಇದರ ಮೇಲೆ ನನ್ನ ಡಾಕ್ಟರೇಟ್ ನಿಂತಿತ್ತು. ನೋಂದಣಿಯ ಅವಧಿ ಎರಡು ಸಲ ವಿಸ್ತರಣೆಯಾಗಿ ಮುಗಿಯುತ್ತ ಬಂದಿತ್ತು. ತೋರುನ್ ಸಭೆಯ ಸಂಪುಟದಲ್ಲಿ ಪ್ರಬಂಧ ಬಂದರೆ ಸಹಿ, ಇಲ್ಲದಿದ್ದರೆ ಆಸೆ ಬಿಡಮ್ಮ ಎಂದು ಗೈಡ್ ಹೇಳಿಯಾಗಿತ್ತು. ಮನೆ, ಮಕ್ಕಳು, ಕಾಲೇಜು ಎಂದು ಇಷ್ಟು ವರ್ಷ ಎಳೆದುಕೊಂಡು ಬಂದವಳಿಗೆ ಇದು ಕೊನೆಯ ಬಸ್ಸು.

ವಾರ್ಸಾ

ವಾರ್ಸಾ ವಿಮಾನ ನಿಲ್ದಾಣದಲ್ಲಿ ನನಗೆ ಸರಿಸಮಾನನಾದ ಮನುಷ್ಯ ಸಿಕ್ಕಿದ. ಕಸ್ಟಮ್ಸ್ ಅಧಿಕಾರಿ. ನನ್ನ ಸೂಟ್‌ಕೇಸ್ ತೆಗೆಸಿ, ಖಡಕ್ ರೊಟ್ಟಿಯ ಕಟ್ಟನ್ನು ಎತ್ತಿ, ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ. ಇದು ತಿನ್ನುವುದೋ ಕಟ್ಟಡಕ್ಕೆ ಹಚ್ಚುವುದೋ ಎಂಬ ಶಂಕೆ ಅವನ ಹುಬ್ಬಿನಲ್ಲಿ ಕಾಣುತ್ತಿತ್ತು. ಸರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕರಕರ ಅಗಿದು ತೋರಿಸಿದರು. ಪಸ್ತಾಪುರದ ಹೆಣ್ಣುಮಕ್ಕಳ ಸಂಘದ ನವಣೆ ಉಂಡೆಯನ್ನು ಅವನು ದೀಪಕ್ಕೆ ಹಿಡಿದು ನೋಡಿದ. ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಪುಡಿಯ, ಡಬ್ಬಿ ತೆಗೆದು ಮೂಗಿನ ಹತ್ತಿರ ತಂದ. ನಾನು "ಬೇಡ" ಎನ್ನುವುದರೊಳಗೆ ಜೋರಾಗಿ ಉಸಿರೆಳೆದೇ ಬಿಟ್ಟ.

ಆಮೇಲೆ ಅವನು ಸೀನಿದ ಸೀನಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬಂದರೂ ಅವನು ಬಿಡಲಿಲ್ಲ, ಮುಚ್ಚಳದ ಒಳಭಾಗವನ್ನೂ ನೋಡಿಯೇ ನಮ್ಮನ್ನು ಕಳಿಸಿದ. ಸರ್ "ಪಾಪ ರೀ" ಎಂದರು. ನನಗೆ ಅವನು ಬಹಳ ಹಿಡಿಸಿದ. ಕೆಲಸ ಎಂದರೆ ಹೀಗೆ ಮಾಡಬೇಕು.

ತೋರುನ್: ಹೊಸ್ತಿಲು

ತೋರುನ್ ಕೆಂಪು ಇಟ್ಟಿಗೆಯ ಊರು. ಚರ್ಚು, ಕೋಟೆ, ಗೋಡೆ, ಬಾಗಿಲು, ಎಲ್ಲವೂ ಇಟ್ಟಿಗೆ. ನೆಲಕ್ಕೂ ಗೋಡೆಗೂ ನೀಲಿ ಹಾಸುಗಲ್ಲು ಬಳಸುವ ತಾಂಡೂರಿನಿಂದ ಬಂದ ನಮಗೆ, ಇಷ್ಟು ದೊಡ್ಡ ಊರಿನಲ್ಲಿ ಯಾರಿಗೂ ಒಂದು ಒಳ್ಳೆಯ ಪರಸಿ ಕಲ್ಲು ಸಿಗಲಿಲ್ಲವೇ ಎನ್ನಿಸಿತು. ಬೀದಿಯ ತುಂಬ ಶುಂಠಿ, ಲವಂಗ ಹಾಕಿದ ಬಿಸ್ಕತ್ತಿನ ವಾಸನೆ. ಕಷಾಯದ ಅಂಗಡಿಯ ಮುಂದೆ ನಿಂತ ಹಾಗಿತ್ತು.

ನಮ್ಮ ಉಸ್ತುವಾರಿ ಆಗ್ನೆಷ್ಕಾ ಎಂಬವರದು. ನನ್ನ ವಯಸ್ಸಿನವರು, ಬೆಳ್ಳಿಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು. ಕಣಕ್ಕೆ ಜಾಗವಿಲ್ಲ ಎನ್ನುವ ಪಕ್ಷದಲ್ಲಿ ದೊಡ್ಡ ಹೆಸರು. ಮೊದಲ ಸಂಜೆ ಊಟಕ್ಕೆ ಕರೆದಿದ್ದರು. ಅವರು ಬಾಗಿಲು ತೆರೆದಾಗ ನಾನು ಹೊರಗಿನಿಂದಲೇ ಕೈ ಚಾಚಿದೆ. ಅವರು ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಮುಖ ಕೆಂಪಾಯಿತು. ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡುವ ಜನರನ್ನು ನಾವು ನೋಡಿಲ್ಲವೇ! ಆದರೆ ಅವರು ನನ್ನ ಮೊಣಕೈ ಹಿಡಿದು ಒಳಗೆ ಎಳೆದುಕೊಂಡು, ಆಮೇಲೆ ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು. ಹೊಸ್ತಿಲ ಮೇಲಿಂದ ಕೈ ಕುಲುಕಿದರೆ ಜಗಳವಾಗುತ್ತದಂತೆ. ಚಪ್ಪಲಿ ಹೊರಗೆ ಬಿಡಿಸಿ, ಮನೆಯೊಳಗೆ ಹಾಕಿಕೊಳ್ಳಲು ಮೆತ್ತನೆಯ ಬೇರೆ ಚಪ್ಪಲಿ ಕೊಟ್ಟರು. ಅಷ್ಟರಲ್ಲಿ ಸರ್ ತಂದ ಹೂಗಳನ್ನು ಎಣಿಸಿ, ಒಂದನ್ನು ತೆಗೆದು ನಗುತ್ತ ನನ್ನ ಕೈಗೆ ವಾಪಸ್ ಕೊಟ್ಟರು. ಜೋಡಿ ಲೆಕ್ಕದ ಹೂವು ಅಲ್ಲಿ ಸತ್ತವರಿಗೆ ಮಾತ್ರ.

"ಇವರು ನಮ್ಮವರೇ ಕಾಣ್ತಾರಲ್ರಿ," ಎಂದು ಸರ್ ಖುಷಿಪಟ್ಟರು. ನಾನು ಬೀಟ್‌ರೂಟ್ ಸಾರಿನಲ್ಲಿ ಎಲುಬಿನ ರಸ ಏನಾದರೂ ಇದೆಯೇ ಎಂದು ಚಮಚದಿಂದ ಕೆದಕುತ್ತಿದ್ದೆ. ಇಲ್ಲ, ನಿಮಗಾಗಿ ಬೇರೆ ಮಾಡಿದ್ದೇನೆ ಎಂದರು ಆಗ್ನೆಷ್ಕಾ. ಆಮೇಲೆ ನಮ್ಮ ಪ್ರಬಂಧದ ಮಾತು ಬಂತು. ಓದಿದ್ದೇನೆ, ಬಹಳ ಕುತೂಹಲದ ಕೆಲಸ, ಬಹಳ ಚೆನ್ನಾಗಿದೆ ಎಂದರು. ಅಷ್ಟೇ. ತಕರಾರಿಲ್ಲ, ಪ್ರಶ್ನೆಯಿಲ್ಲ.

ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿಂದು "ಹುಡುಗಿ ಭಾಳ ಛಲೋ ಇದ್ದಾಳ, ತಿಳಸ್ತೀವಿ" ಎಂದು ಎದ್ದರೆ ಅದರ ಅರ್ಥ ಏನೆಂದು ನಾರಾಯಣಖೇಡದ ಎಳೆಮಕ್ಕಳಿಗೂ ಗೊತ್ತು. ಎದುರು ಪಕ್ಷದವರು ತಕರಾರು ತೆಗೆಯದಿದ್ದರೆ ಒಳಗೇನೋ ಇದೆ.

ಓರೆ ಗೋಪುರ

ಮರುದಿನದಿಂದ ಸರ್ ನಡವಳಿಕೆ ಬದಲಾಯಿತು. ಬೆಳಿಗ್ಗೆ ರೊಟ್ಟಿ, ಹಿಂಡಿ ತಿಂದು, ಮಂಕಿ ಕ್ಯಾಪ್ ಏರಿಸಿ, ಕೋಟಿನ ಗುಂಡಿ ಹಾಕಿಕೊಂಡು, ನನ್ನ ಕಣ್ಣು ತಪ್ಪಿಸಿ ಅತಿಥಿಗೃಹದ ಬಾಗಿಲು ದಾಟುತ್ತಿದ್ದರು. ನಾನು ಎಲ್ಲಿಗೆ ಎಂದು ಕೇಳುವ ಹಾಗಿಲ್ಲ. ಅವರಾಗಿ ಹೇಳುವುದಿಲ್ಲ. ಭಾಷಣಗಳು ಶುರುವಾಗುವ ಹೊತ್ತಿಗೆ ಮೂಗು ಕೆಂಪಗೆ ಮಾಡಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಒಂದು ದಿನ ಟ್ರಾಮಿನಲ್ಲಿ ಕೂತು ಫೋನ್ ಮಾಡಿದೆ. ಹೊರಟಾದ ಮೇಲೆ ಕೇಳುವುದಕ್ಕೆ ಅಡ್ಡಿಯಿಲ್ಲ.

"ಎಲ್ಲಿ ಅದೀರಿ ಸರ್?"

"ಇಲ್ಲೇ ಅದೀನ್ರಿ ಮೇಡಮ್ಮೋರೆ. ಬಂದೇ ಬಿಟ್ಟೆ."

ನಮ್ಮ ಕಡೆ ಈ ಉತ್ತರಕ್ಕೆ ಅರ್ಥವೇ ಇಲ್ಲ. ಇನ್ನೂ ಮನೆಯಲ್ಲಿ ಪಂಚೆ ಹುಡುಕುತ್ತಿರುವವರೂ ಇಲ್ಲೇ ಬಂದೆ ಎನ್ನುತ್ತಾರೆ, ನಾವೂ ಸರಿ ಎನ್ನುತ್ತೇವೆ. ಆದರೆ ಅದೇ ಕ್ಷಣಕ್ಕೆ ಟ್ರಾಮ್ ಒಂದು ಬಿಸ್ಕತ್ತಿನ ಅಂಗಡಿಯ ಮುಂದೆ ನಿಂತಿತು. ಕಿಟಕಿಯ ಪಕ್ಕದ ಮೇಜಿನಲ್ಲಿ ಸರ್, ಅವರ ಎದುರಿಗೆ ಆಗ್ನೆಷ್ಕಾ. ನಡುವೆ ನಮ್ಮ ಪ್ರಬಂಧ. ಸರ್ ಫೋನನ್ನು ಜೇಬಿಗಿಟ್ಟು, ಆಕೆಗೆ ಕೈಮುಗಿದು ಏನೋ ಹೇಳುತ್ತಿದ್ದರು. ಆಕೆ ತಲೆ ಅಲ್ಲಾಡಿಸುತ್ತಿದ್ದರು. ಟ್ರಾಮ್ ಹೊರಟಿತು.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನನ್ನ ತಲೆಯಲ್ಲಿ ಇಡೀ ಕಥೆ ತಯಾರಾಯಿತು. ಸರ್ ಪಕ್ಷ ಬದಲಿಸಿದ್ದಾರೆ. ನಿವೃತ್ತಿಯ ಮೊದಲು ದೊಡ್ಡ ಹೆಸರಿನ ಜೊತೆ ತಮ್ಮ ಹೆಸರು ಬರಲಿ ಎಂಬ ಆಸೆ. ಲೆಕ್ಕವೆಲ್ಲ ಅವರದು, ಮಾತೆಲ್ಲ ನನ್ನದು. ನನ್ನನ್ನು ಬಿಟ್ಟು ಆಕೆಯನ್ನು ಸೇರಿಸಿಕೊಂಡರೆ ಪ್ರಬಂಧಕ್ಕೆ ಏನು ನಷ್ಟ? ಇಷ್ಟು ವರ್ಷ ನನ್ನ ಡಬ್ಬಿಯ ಪುಂಡಿಪಲ್ಯ ಹಂಚಿಕೊಂಡು ತಿಂದ ಮನುಷ್ಯ!

ಆ ಮಧ್ಯಾಹ್ನ ಸಭೆಯವರು ಊರು ತೋರಿಸಲು ಕರೆದೊಯ್ದರು. ಅಲ್ಲಿ ಒಂದು ಓರೆ ಗೋಪುರವಿದೆ. ನೆಲ ಕುಸಿದು ಮುಂದಕ್ಕೆ ವಾಲಿಕೊಂಡಿದೆ. ಅದರ ಗೋಡೆಗೆ ಹಿಮ್ಮಡಿ ಮತ್ತು ಬೆನ್ನು ಹಚ್ಚಿ, ಕೈ ಮುಂದೆ ಚಾಚಿ ನಿಲ್ಲಬೇಕು. ಬೀಳದೆ ನಿಂತವರು ನಿರ್ದೋಷಿ. ಬಿದ್ದರೆ ಮನಸ್ಸಿನಲ್ಲಿ ಕಳ್ಳತನವಿದೆ ಎಂದು ಊರವರ ನಂಬಿಕೆ.

"ನಿಲ್ರಿ ಸರ್," ಎಂದೆ.

"ನಾ ಯಾಕ್ರಿ?"

"ನಿಲ್ರಿ, ನೋಡೂಣು."

ಪಾಪ, ನಿಂತರು. ಕೈ ಚಾಚುವುದೇ ತಡ, ಮುಗ್ಗರಿಸಿ ಮುಂದಕ್ಕೆ ಬಂದು ನನ್ನ ಹೆಗಲು ಹಿಡಿದುಕೊಂಡರು. ನೋಡಿದಿರಾ, ಗೋಡೆಗೂ ಗೊತ್ತಾಗಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ನನ್ನ ಸರದಿ. ನಾನೂ ಬಿದ್ದೆ. ನಮ್ಮ ಹಿಂದೆ ಬಂದ ಒಬ್ಬ ಪಾದ್ರಿಯೂ ಬಿದ್ದರು. ಆದರೂ ಸರ್ ಬಿದ್ದದ್ದು ಬೇರೆ ಥರ ಎಂದೇ ನನಗೆ ಕಂಡಿತು. ತಾ ಕಳ್ಳ ಪರರ ನಂಬ ಎನ್ನುತ್ತಾರೆ. ನಾನು ಏನೂ ಕದ್ದಿರಲಿಲ್ಲ, ಆದರೂ ನಂಬಲಿಲ್ಲ.

ಅತಿಥಿಗೃಹದ ಅಡುಗೆಮನೆ

ನಮ್ಮ ಭಾಷಣಕ್ಕೆ ಇನ್ನು ಒಂದೇ ದಿನ ಉಳಿದಿತ್ತು. ಆ ಬೆಳಿಗ್ಗೆ ಸರ್ ಮಂಕಿ ಕ್ಯಾಪ್ ಹಾಕಿಕೊಂಡು ಬಾಗಿಲ ಚಿಲಕಕ್ಕೆ ಕೈ ಇಟ್ಟರು. ನಾನು ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದೆ. ಎಷ್ಟು ದಿನ ಅಂತ ತಡೆಯಲಿ?

"ಎಲ್ಲಿಗ್ರಿ ಸರ್?"

ಅವರ ಕೈ ಚಿಲಕದ ಮೇಲೇ ನಿಂತಿತು. ತಿರುಗಿ ನನ್ನನ್ನು ನೋಡಿದ ಮುಖ ಇವತ್ತಿಗೂ ಕಣ್ಣಲ್ಲಿದೆ. ಬೈದಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

"ಕೇಳೇ ಬಿಟ್ರಲ್ರಿ ಮೇಡಮ್ಮೋರೆ."

ಬೇರೆ ದೇಶವಾದರೇನು, ನಿಯಮ ನಿಯಮವೇ. ಅವರು ಒಳಗೆ ಬಂದು ಟೋಪಿ ತೆಗೆದು ಕುರ್ಚಿಯಲ್ಲಿ ಕೂತರು. ನಾನು ಒಂದು ಲೋಟ ನೀರು ತಂದು ಮುಂದಿಟ್ಟೆ. ಕುಡಿದರು. ಕೂತವರು ಇನ್ನು ಹೇಳದೆ ಏಳುವ ಹಾಗಿರಲಿಲ್ಲ.

"ಆಕೀ ಕಡಿಗೇ ಹೊಂಟಿದ್ರಿ, ಹೌದಲ್ಲೋ?" ಎಂದೆ.

"ಹೌದ್ರಿ."

"ನನ್ನ ಹೆಸರು ತಗದು ಆಕೀ ಹೆಸರು ಹಾಕಾಕೇನು?"

ಸರ್ ಲೋಟವನ್ನು ಟಕ್ಕೆಂದು ಕೆಳಗಿಟ್ಟರು. "ಏನ್ ಮಾತಂತ ಆಡ್ತೀರಿ? ನಿಮಗ ಹುಚ್ಚು ಗಿಚ್ಚು ಹಿಡದದೇನ್ರಿ? ನಮ್ಮ ಪೇಪರ್ ತಪ್ಪದರೀ ಮೇಡಮ್ಮೋರೆ. ತಪ್ಪದ!"

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ಆರಿಸಲಿಲ್ಲ, ಅವರೇ ಎದ್ದು ಆರಿಸಿ ಮತ್ತೆ ಕೂತರು.

"ಪೆಟ್ಟಿಗಿ ಹೊರಗ ಕಣದ ಅಲೆ ಸೊನ್ನಿ ಅಂತ ಬರದೀವಿ. ಅಲ್ಲೀತನ ಬರೋಬರ್ ಅದ. ಅಲೆ ಸೊನ್ನಿ ಇದ್ದ ಮ್ಯಾಲ ಅದು ಬದಲಾಗೂ ವೇಗನೂ ಸೊನ್ನಿ ಅಂತ ಮುಂದಿನ ಸಾಲಿನ್ಯಾಗ ಬರದೀವಿ. ಅದು ಹ್ಯಾಂಗ್ರಿ ಬಂತು? ಶಕ್ತಿ ಋಣ ಆಗಬಾರದು ಅಂತ ನಾವೇ ಶರತ್ತು ಹಾಕೀವಿ. ಆ ಶರತ್ತು ಇದ್ದಲ್ಲಿ ವೇಗ ಪೆಟ್ಟಿಗಿ ದಾಟಿ ಹೊರಗ ಇದ್ದೇ ಇರ್ತದ. ಅಂಗಳದಾಗ ಈಗ ಯಾರೂ ಇಲ್ಲ ಅಂದ್ರ ಯಾರೂ ಬರಾಕತ್ತಿಲ್ಲ ಅಂದಂಗಾತೇನ್ರಿ?"

ಒಂದೇ ಮಾತಿಗೆ ಎಲ್ಲವೂ ಕಂಡುಬಿಟ್ಟಿತು. ಆ ಸಾಲಿನ ಮೇಲೆ ಮುಂದಿನ ಪುಟಗಳೆಲ್ಲ ನಿಂತಿದ್ದವು. ಪೆಟ್ಟಿಗೆಯೂ ಇಲ್ಲ, ಕೂಡಿಹಾಕಿದ ಕಣವೂ ಇಲ್ಲ. ನಾನು ಎದುರಿನ ಕುರ್ಚಿಯಲ್ಲಿ ಕುಸಿದೆ.

"ಅದನ್ನ ನೀವು ನೋಡಿರ್ತೀರಿ ಅಂತ ನಾ ಬಿಟ್ಟಿದ್ದೆ. ಅದು ಗಣಿತ ಅಂತ," ಎಂದೆ.

"ನಾ ಅದು ಫಿಸಿಕ್ಸ್ ಅಂತ ಬಿಟ್ಟಿದ್ದೆ ರೀ. ನಿಮ್ಮ ಸಬ್ಜೆಕ್ಟಿನ್ಯಾಗ ನಾ ಹ್ಯಾಂಗ ಕೈ ಹಾಕ್ಲಿ ಅಂತ."

ಊರೆಲ್ಲರನ್ನೂ ಅನುಮಾನಿಸುವ ನಾನು ಈ ಒಂದು ಸಾಲನ್ನು ಮರ್ಯಾದೆಗೆ ಬಿಟ್ಟಿದ್ದೆ. ಹಿರಿಯರ ಲೆಕ್ಕಕ್ಕೆ ಹೇಗೆ ಕೈ ಹಾಕುವುದು ಎಂದು ನಾನು, ಹೆಣ್ಣುಮಗಳ ವಿಷಯಕ್ಕೆ ಹೇಗೆ ಕೈ ಹಾಕುವುದು ಎಂದು ಅವರು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಗೌರವ ಕೊಡುತ್ತ ಇಷ್ಟು ವರ್ಷ ಸುಳ್ಳನ್ನು ಸಾಕಿದ್ದೆವು.

"ಮತ್ತ ಆಕೀ ಕಡಿ ದಿನಾ ಯಾಕ ಹೋಗ್ತಿದ್ರಿ?"

"ತಪ್ಪು ಹಿಡದದ್ದು ಆಕೀನೇ. ಮೊದಲ ಸರಿ ಮಾಡಾಕ ಹೋಗಿದ್ದೆ. ಆಗಲಿಲ್ಲ. ಆಮ್ಯಾಲ..." ಅವರು ಖಾಲಿ ಲೋಟವನ್ನು ತಿರುಗಿಸುತ್ತ ಕೂತರು. "ಆಮ್ಯಾಲ ಕೈ ಮುಗಿಯಾಕ ಹೋಗ್ತಿದ್ದೆ ರೀ. ನಾಳಿ ಸಭಾದಾಗ ಕೈ ಎತ್ತಬ್ಯಾಡ್ರಿ, ನಮ್ಮ ಮೇಡಮ್ಮೋರ ಡಾಕ್ಟರೇಟ್ ಹೋಗ್ತದ ಅಂತ."

ಅಯ್ಯೋ ದೇವರೇ! ಅವರು ಕದ್ದಿದ್ದರೆ ಬೈದು, ಜಗಳವಾಡಿ ಮುಗಿಸಬಹುದಿತ್ತು. ನನಗೋಸ್ಕರ ಪರದೇಶದಲ್ಲಿ ಚಳಿಯಲ್ಲಿ ನಡೆದುಹೋಗಿ ದಿನಾ ಕೈಮುಗಿದು ಬರುತ್ತಿದ್ದವರನ್ನು ಏನೆಂದು ಬೈಯಲಿ? ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸರ್ ಬರಲಿಲ್ಲವೆಂದು ಆಗ್ನೆಷ್ಕಾ ತಾವೇ ಬಂದಿದ್ದರು. ಹೊರಟವರು ಮರಳಿ ಬಂದು ಕೂತಿದ್ದಾರೆ ಎಂದು ನಾನು ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಮರೆತದ್ದನ್ನು ತರಲು ಹಿಂದೆ ಬಂದರೆ ಕೂತು ಏಳಬೇಕು ಎಂದು ತಮ್ಮ ಅಜ್ಜಿಯೂ ಹೇಳುತ್ತಿದ್ದರು ಎನ್ನುತ್ತ ತಾವೂ ಕುರ್ಚಿ ಎಳೆದುಕೊಂಡರು.

"ಇವರು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಭಾಷಣ ನಿಮ್ಮದು. ನೀವು ಹೇಳಿ. ಬೇರೆ ಯಾರೂ ಆ ಸಾಲಿನವರೆಗೆ ಹೋಗಿಲ್ಲ. ನೀವಿಬ್ಬರೂ ಬೇಡ ಎಂದರೆ ನಾನಾಗಿ ಎತ್ತುವುದಿಲ್ಲ. ಯಾರಾದರೂ ನನ್ನನ್ನು ನೇರವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ."

ನನ್ನ ಅನುಮಾನ ಆಗಲೂ ಸುಮ್ಮನಿರಲಿಲ್ಲ. "ನೀವೇಕೆ ಸುಮ್ಮನಿರುತ್ತೀರಿ? ನಿಮ್ಮ ಪಕ್ಷವೇ ಗೆದ್ದಿದೆಯಲ್ಲ," ಎಂದೆ.

"ಓದುವಾಗ ಇದು ನಿಜವಾಗಿರಲಿ ಎಂದು ನನಗೂ ಅನ್ನಿಸಿತ್ತು," ಎಂದರು. "ಏನಾದರೂ ಒಂದು, ಎಲ್ಲಾದರೂ ಒಂದು ಕಡೆ, ಸರಿಯಾಗಿ ಇರಲಿ ಎಂದು."

ಆ ಮಾತಿನಲ್ಲಿ ಹುಳ ಹುಡುಕಿದೆ. ಸಿಗಲಿಲ್ಲ. ಈ ಹೆಂಗಸನ್ನು ಮೊದಲ ದಿನದಿಂದ ಕಳ್ಳಿ ಎಂದು ನೋಡಿದ್ದೆನಲ್ಲ ಎಂದು ಕೆಡುಕೆನಿಸಿತು.

ಸಭಾಂಗಣ

ಆ ದಿನವಿಡೀ ವಿಸ್ತುಲಾ ನದಿಯ ದಂಡೆಯಲ್ಲಿ ಒಬ್ಬಳೇ ಅಡ್ಡಾಡಿದೆ. ನೀರು ಅಗಲವಾಗಿ, ಮಣ್ಣಿನ ಬಣ್ಣದಲ್ಲಿ ಹರಿಯುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಪ್ರಬಂಧ ಸಂಪುಟಕ್ಕೆ ಹೋಗುತ್ತದೆ, ಗೈಡ್ ಸಹಿ ಹಾಕುತ್ತಾರೆ, ಹೆಸರಿನ ಮುಂದೆ ಒಂದಕ್ಷರ, ಒಂದು ಚುಕ್ಕಿ ಬರುತ್ತದೆ. ಎಷ್ಟು ಜನ ಇದಕ್ಕಿಂತ ಹೀನಾಯವಾಗಿ ಪಡೆದುಕೊಂಡಿಲ್ಲ? ನನಗೆ ಅದು ಬೇಕಿತ್ತು, ಬಹಳ ಬೇಕಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡಾಗುತ್ತದೆ. ಯಾರಾದರೂ ಡಾಕ್ಟರ್ ಎಂದು ಕರೆದಾಗಲೆಲ್ಲ ನಾನು ಹೆಗಲು ಒರೆಸಿಕೊಳ್ಳಬೇಕು. ಬೇರೆಯವರನ್ನು ಅನುಮಾನಿಸುವುದು ನನಗೆ ಅಭ್ಯಾಸ. ದಿನಾ ನನ್ನನ್ನೇ ಅನುಮಾನಿಸಿಕೊಂಡು ಬದುಕುವುದು ನನ್ನಿಂದಾಗದು ಎಂದು ತಿಳಿಯಿತು.

ಮರುದಿನ ಇಳಕಲ್ ಸೀರೆ ಉಟ್ಟು ವೇದಿಕೆ ಹತ್ತಿದೆ. ನಾವು ಏನು ತೋರಿಸಲು ಹೊರಟಿದ್ದೆವು ಎಂದು ಹೇಳಿದೆ. ಜನ ತಲೆದೂಗಿದರು. ಆಮೇಲೆ ಬೋರ್ಡಿನ ಮೇಲೆ ಆ ಸಾಲು ಬರೆದು, "ಇದು ತಪ್ಪು," ಎಂದೆ. ಯಾಕೆ ತಪ್ಪು ಎಂದು ಬಿಡಿಸಿ ತೋರಿಸಿದೆ. ತೋರಿಸಿಕೊಟ್ಟವರು ಯಾರು ಎಂದೂ ಹೇಳಿದೆ.

ಅಧ್ಯಕ್ಷರು ಕೆಮ್ಮಿದರು. ಪ್ರಶ್ನೆಗಳಿವೆಯೇ ಎಂದು ಮೆಲ್ಲಗೆ ಕೇಳಿದರು. ನಾನು ಒಂದೊಂದೇ ಮುಖ ನೋಡಿದೆ, ಯಾರು ನಗುತ್ತಾರೆ, ಯಾರು ಅಯ್ಯೋ ಎನ್ನುತ್ತಾರೆ ಎಂದು. ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲಕ್ಕೆ ಹೋಯಿತು. ಮಲ್ಲಿಕಾರ್ಜುನ ಸರ್! ನನ್ನ ಪಾಲುದಾರರು, ಪ್ರಬಂಧದ ಮೇಲೆ ಹೆಸರಿರುವವರು, ಯಾರೋ ಪರಸ್ಥಳದವರ ಹಾಗೆ ಎದ್ದು ನಿಂತು ತಮ್ಮ ತಾಂಡೂರು ಇಂಗ್ಲಿಷಿನಲ್ಲಿ ಕೇಳಿದರು. "ಮೇಡಂ, ಕಣ ಎಲ್ಲಿದೆ ಎಂದು ಕೇಳಬಾರದು ಎಂದಾದರೆ, ಏನು ಕೇಳಬೇಕು?"

ಇಂಥ ಪ್ರಶ್ನೆಗೆ ಉತ್ತರವಿಲ್ಲದೆ ನಾನು ಕ್ಲಾಸಿನಿಂದ ಹೊರಬಂದವಳಲ್ಲ. ಕಣವನ್ನು ಕೇಳಬಾರದು, ನಮ್ಮ ಉಪಕರಣವನ್ನು ಕೇಳಬೇಕು ಎಂದೆ. ಒಂದು ಸಣ್ಣ ಜಾಗದಲ್ಲಿ, ಸ್ವಲ್ಪ ಹೊತ್ತು, ಒಂದು ಉಪಕರಣ ಇಟ್ಟಿದ್ದೇವೆ. ಅದು ಮಿಡಿಯಿತೇ ಇಲ್ಲವೇ? ಜಾಗ ಇರುವುದು ನಮ್ಮ ಕೇಳುವಿಕೆಗೆ, ಕಣಕ್ಕಲ್ಲ. ಆ ಉಪಕರಣವನ್ನೂ ಪೂರ್ತಿ ನಂಬಬಾರದು. ಏನೂ ಇಲ್ಲದ ಖಾಲಿಯಲ್ಲೂ ಅದು ಒಮ್ಮೊಮ್ಮೆ ಮಿಡಿಯುತ್ತದೆ, ಯಾಕೆಂದರೆ ಖಾಲಿ ಎಂಬುದೂ ಪೂರ್ತಿ ಖಾಲಿಯಲ್ಲ. ಎಷ್ಟು ಸಣ್ಣ ಜಾಗವೋ ಅಷ್ಟು ಹೆಚ್ಚು ಸುಳ್ಳು ಮಿಡಿತ. ಅನುಮಾನಕ್ಕೆ ಎಷ್ಟು ಪಾಲು ಕೊಡಬೇಕು ಎಂಬುದೇ ಈಗ ಲೆಕ್ಕ ಹಾಕಬೇಕಾದ ವಿಷಯ.

ಆಮೇಲೆ ಒಂದಾದ ಮೇಲೊಂದು ಕೈ ಎದ್ದವು. ಚರ್ಚೆ ಊಟದ ಹೊತ್ತು ಮೀರಿ ನಡೆಯಿತು. ಇಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ. ಕೊನೆಗೆ ಅಧ್ಯಕ್ಷರು ಪಕ್ಕಕ್ಕೆ ಕರೆದು, ಇದೊಂದು ಅಪರೂಪದ ಭಾಷಣ, ಆದರೆ ಸಂಪುಟಕ್ಕೆ ತೆಗೆದುಕೊಳ್ಳಲು ಇದರಲ್ಲಿ ಫಲಿತಾಂಶವಿಲ್ಲವಲ್ಲ ಎಂದು ಬಹಳ ನೊಂದುಕೊಂಡು ಹೇಳಿದರು. ಅವರ ಮಾತಿನಲ್ಲಿ ಅನುಮಾನಿಸುವಂಥದ್ದು ಏನೂ ಇರಲಿಲ್ಲ.

ತಾಂಡೂರು

ವಾಪಸ್ ಬರುವಾಗ ವಿಮಾನದಲ್ಲಿ ಸರ್ ನನ್ನ ಪಕ್ಕ ಕೂತಿದ್ದರು. "ತಪ್ಪು ನಂದ್ರಿ," ಎಂದು ಅವರು ಎರಡು ಮೂರು ಸಲ ಅಂದರು. "ಇಬ್ಬರದೂ ರೀ, ಸುಮ್ನ ಮಲಗ್ರಿ," ಎಂದೆ. ಅಳು ಬರಲಿಲ್ಲ. ಗಟ್ಟಿಗಿತ್ತಿ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಸೋಮವಾರ ಇಬ್ಬರೂ ಒಟ್ಟಿಗೆ ಆಟೋದಲ್ಲಿ ಕಾಲೇಜಿಗೆ ಹೋದೆವು. ಗೇಟಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ಫ್ಲೆಕ್ಸ್ ಕಟ್ಟಿತ್ತು. ಹಿಂದೆ ಯಾವುದೋ ಹಿಮದ ಬೆಟ್ಟ, ಮುಂದೆ ನಮ್ಮಿಬ್ಬರ ಫೋಟೋ, ಕೆಳಗೆ ದಪ್ಪ ತೆಲುಗು ಅಕ್ಷರದಲ್ಲಿ "ಡಾ. ಸುವರ್ಣಾ ಮೇಡಂ ಅವರಿಗೆ ಹಾರ್ದಿಕ ಸ್ವಾಗತ". ಪ್ರಿನ್ಸಿಪಾಲರು ಶಾಲು ಹಿಡಿದು ನಿಂತಿದ್ದರು, ಸ್ಟಾಫಿನವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು.

ಸರ್ ಮುಖ ಬಿಳಿಚಿಕೊಂಡಿತು. "ಹೊರಡೂಕಿಂತ ಮೊದಲ ನಾನೇ ಹೇಳಿ ಬಂದಿದ್ದೆ ರೀ, ಅಚ್ಚು ಹಾಕಸ್ರಿ ಅಂತ. ಆಗೇ ಆಗ್ತದ ಅಂತ ಭರವಸೆ ಇತ್ತು. ಮರತೇಬಿಟ್ಟಿದ್ದೆ."

ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ, ಆಗಲಿಲ್ಲ, ಡಾಕ್ಟರೇಟ್ ಇಲ್ಲ ಎಂದೆ. ಚಪ್ಪಾಳೆ ನಿಂತಿತು. ಅವರು ಒಳ್ಳೆಯವರು. ಶಾಲನ್ನು ಹೇಗೂ ಹೊದಿಸಿ, ತಗ್ಗಿದ ದನಿಯಲ್ಲಿ, "ಇರಲಿ ಬಿಡ್ರಿ ಮೇಡಂ. ಕಟ್ಟಿ ಆಗ್ಯದ. ಎರಡು ದಿನ ಇರಲಿ. ಯಾರು ಕೇಳ್ತಾರ?" ಎಂದರು.

"ನಾ ಕೇಳ್ತೀನ್ರಿ," ಎಂದೆ.

ಸರ್ ಆಫೀಸಿನಿಂದ ಒಂದು ಸ್ಟೂಲು ತಂದರು. ಬೇರೆಯವರು ಹತ್ತುತ್ತೇವೆ ಎಂದರೂ ಬಿಡದೆ ತಾವೇ ಹತ್ತಿ, ಬ್ಲೇಡಿನಿಂದ ಮೊದಲಿನ 'ಡಾ' ಅಕ್ಷರವನ್ನೂ ಅದರ ಚುಕ್ಕಿಯನ್ನೂ ಚೌಕವಾಗಿ ಕತ್ತರಿಸಿದರು. ನಿಧಾನವಾಗಿ, ಅಂಚು ಹರಿಯದ ಹಾಗೆ, ನನ್ನ ಹೆಸರಿಗೆ ಬ್ಲೇಡು ತಾಗದ ಹಾಗೆ ಕತ್ತರಿಸಿದರು. ನನ್ನ ಹೆಸರಿನ ಮುಂದೆ ಒಂದು ತೂತು ಬಿತ್ತು. ಅದರೊಳಗಿಂದ ಹಿಂದಿನ ಬೇವಿನ ಮರ ಕಾಣುತ್ತಿತ್ತು.

ಆಗ ನಾನು ಅತ್ತೆ. ಶಾಲಿನಲ್ಲಿ ಮುಖ ಮುಚ್ಚಿಕೊಂಡು, ಎಲ್ಲರ ಎದುರಿಗೆ, ತಡೆಯಿಲ್ಲದೆ ಅತ್ತೆ. ನನಗೆ ಅದು ಬೇಕಿತ್ತು, ಸಿಗಲಿಲ್ಲ, ಇನ್ನು ಸಿಗುವುದಿಲ್ಲ. ಮುಖ ಒರೆಸಿಕೊಂಡು ನೋಡಿದಾಗ ಸರ್ ಇನ್ನೂ ಸ್ಟೂಲಿನ ಮೇಲೇ ನಿಂತಿದ್ದರು, ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ.